ಜಾಲರಿ ತೆಗೆದ ಪ್ರೊಜೆಕ್ಟರು

ಮೊದಲು ಕೊಬ್ಬರಿ ಎಣ್ಣೆಯ ವಿಷಯ ಹೇಳಿಬಿಡುತ್ತೇನೆ. ಅಟ್ಟದ ಮೇಲಿಂದ ತಾತನ ಕಾಲದ ಪ್ರೊಜೆಕ್ಟರು ಇಳಿಸಿ, ಧೂಳು ಒರೆಸಿ, ತಿರುಗುತ್ತಿಲ್ಲವೆಂದು ಅದಕ್ಕೆ ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಇದನ್ನು ಓದುವುದು ಬಿಟ್ಟು ಮೊದಲು ಹೋಗಿ ಆ ಎಣ್ಣೆ ತೊಳೆದು ಬನ್ನಿ. ನಮ್ಮ ಕಡೆ ತಲೆಗೂ ಅದೇ, ಹೊಲಿಗೆ ಮಿಷನ್ನಿಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಬೇಸಿಗೆಯಲ್ಲಿ ಬಿಟ್ಟಾಗ ಮಿಷನ್ನು ಸೊಗಸಾಗಿಯೇ ತಿರುಗುತ್ತದೆ. ಧನುರ್ಮಾಸದ ಚಳಿ ಬಿದ್ದಾಗ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಹಲ್ಲುಚಕ್ರದ ಸಂದಿಯಲ್ಲೂ ಗಟ್ಟಿಯಾಗುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ನಂಜನಗೂಡಿನ ಅಕ್ಕಿ ಗಿರಣಿಯ ಯಜಮಾನರೊಬ್ಬರು ಹಾಗೆ ಸೆಟೆದುಕೊಂಡ ಪ್ರೊಜೆಕ್ಟರನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ತಂದಿದ್ದರು. "ಮಿಷಿನ್ಗೆ ಸೀತ ಆಗ್ಬುಟ್ಟದೆ ನೋಡಪ್ಪ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ನನ್ನ ಹೆಸರು ಮಹದೇವಪ್ಪ. ಹಳೇ ಗಿರಾಕಿಗಳ ಬಾಯಲ್ಲಿ ಮಿಷಿನ್ ಮಾದೇವಪ್ಪ. ಮನೆಯ ಗೋಡೆಯ ಮೇಲೆ ಸಿನಿಮಾ ಬಿಡುವ ಸಣ್ಣ ಪ್ರೊಜೆಕ್ಟರುಗಳನ್ನು, ಆ ಸಿನಿಮಾ ತೆಗೆಯುವ ಕೈಕ್ಯಾಮೆರಾಗಳನ್ನು ರಿಪೇರಿ ಮಾಡುವುದು ನನ್ನ ಕಸುಬಾಗಿತ್ತು. ನಮ್ಮೂರಿನಲ್ಲಿ ಅಂಥವು ಎಷ್ಟಿದ್ದಾವು ಎಂದು ನಿಮಗೆ ಅನ್ನಿಸಬಹುದು. ಡಾಕ್ಟರ ಮನೆಯಲ್ಲಿ ಒಂದು, ಗಿರಣಿಯವರಲ್ಲಿ ಒಂದು, ರೇಷ್ಮೆ ವ್ಯಾಪಾರಿಗಳಲ್ಲಿ ಒಂದು, ಮನೆತನದಲ್ಲಿ ಯಾರೋ ಒಬ್ಬರು ಹೊರದೇಶ ನೋಡಿ ಬಂದಿದ್ದ ದೊಡ್ಡ ಗೌಡರ ಮನೆಗಳಲ್ಲಿ ಒಂದೊಂದು, ಹೀಗೆ ಎರಡು ತಾಲ್ಲೂಕಿನಲ್ಲಿ ಅಲ್ಲಲ್ಲಿ ಇದ್ದವು. ಅವು ಕೆಟ್ಟಾಗ ಮೈಸೂರಿಗೆ ಒಯ್ಯುವುದಕ್ಕಿಂತ ನನ್ನ ಹತ್ತಿರ ತರುವುದು ಹತ್ತಿರವಾಗಿತ್ತು. ಉಳಿದ ದಿನ ರೇಡಿಯೋ, ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಿದ್ದೆ.

ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿದೆ. ಈಗ ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಫೋನು ಮಾಡುತ್ತಾರೆ. ಸಂತೆಯಲ್ಲಿ ಸಿಕ್ಕಿತು, ಗುಜರಿಯಲ್ಲಿ ಸಿಕ್ಕಿತು, ತಿರುಗುತ್ತಿಲ್ಲ, ಹೇಳಿಕೊಡಿ ಎನ್ನುತ್ತಾರೆ. ಅವರಲ್ಲೊಬ್ಬಳು, ಎಲ್ಲವನ್ನೂ ಬರೆದಿಡಿ ಅಂಕಲ್, ನಿಮ್ಮ ನಂತರ ಯಾರನ್ನು ಕೇಳೋಣ ಎಂದಳು. ಆ ಮಾತಿಗೆ ಮೊದಲು ಸಿಟ್ಟು ಬಂತು, ಆಮೇಲೆ ಪೆನ್ನು ತೆಗೆದುಕೊಂಡೆ. ಎಷ್ಟು ಮಿಷನ್ನು ಬದುಕಿಸಿದೆ ಎಂದು ಬರೆಯುವ ಆಸೆ ನನಗೂ ಇದೆ. ಆದರೆ ನಾನು ಹೇಳಿದ ಒಂದು ಸುಳ್ಳಿನಿಂದ ಒಡಹುಟ್ಟಿದ ಅಣ್ಣ ತಂಗಿ ಮಾತು ಬಿಟ್ಟರು. ಅದನ್ನು ಬರೆಯದೆ ಉಳಿದದ್ದನ್ನು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಕೆಲಸ ಕಲಿತದ್ದು ಟಿ. ನರಸೀಪುರದಲ್ಲಿ, ಸಿದ್ಧಲಿಂಗಪ್ಪನವರ ಅಂಗಡಿಯಲ್ಲಿ. ಬಸ್‌ಸ್ಟ್ಯಾಂಡಿನಿಂದ ಹೊಳೆಯ ಕಡೆಗೆ ಹೋಗುವ ರಸ್ತೆಯಲ್ಲಿ ಒಂದೇ ಬಾಗಿಲಿನ ಅಂಗಡಿ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ, ಬಾಯಲ್ಲಿ ಎಲೆಯಡಿಕೆ. ಅವರು ಯಾರನ್ನೂ ಹೊಗಳಿದ್ದು ನಾನು ಕಂಡಿಲ್ಲ. ಕೆಲಸ ಚೆನ್ನಾಗಿದ್ದರೆ ಸುಮ್ಮನಿರುತ್ತಿದ್ದರು, ಕೆಟ್ಟಿದ್ದರೆ "ಯಾರ್ಲಾ ನಿಂಗ್ ಸ್ಕ್ರೂಡ್ರೈವರ್ ಕೊಟ್ಟೋನು?" ಎನ್ನುತ್ತಿದ್ದರು. ಕೊಟ್ಟವರು ಅವರೇ.

ಅವರ ಮೇಜಿನ ಮೇಲೆ ಯಾವಾಗಲೂ ಎರಡು ಇಡ್ಲಿ ತಟ್ಟೆ ಇರುತ್ತಿದ್ದವು. ಪ್ರೊಜೆಕ್ಟರು ಬಿಚ್ಚುವಾಗ ಮೊದಲು ತೆಗೆದ ಸ್ಕ್ರೂ ಮೊದಲ ಗುಳಿಯಲ್ಲಿ, ಎರಡನೆಯದು ಎರಡನೇ ಗುಳಿಯಲ್ಲಿ. ಕೂಡಿಸುವಾಗ ಹಿಂದಿನಿಂದ ಬರಬೇಕು. ಈಗಿನವರು ಪ್ರತಿಯೊಂದಕ್ಕೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳುತ್ತೀರಿ. ತಪ್ಪೇನಿಲ್ಲ, ಆದರೂ ಇಡ್ಲಿ ತಟ್ಟೆ ಇಟ್ಟುಕೊಳ್ಳಿ. ಫೋಟೋ ಇದ್ದರೂ ಸ್ಕ್ರೂ ಉರುಳಿಹೋಗುತ್ತದೆ.

ಅವರಿಗೆ ಎರಡು ಕಟ್ಟಳೆಗಳಿದ್ದವು. ಗಿರಾಕಿಯ ರೀಲು ಹಾಕಿ ಮಿಷನ್ ಪರೀಕ್ಷೆ ಮಾಡಬಾರದು ಎಂಬುದು ಒಂದು. ಮಿಷನ್ನಿನ ಒಳಗೆ ಒಂದು ಸಣ್ಣ ಕೊಕ್ಕೆ ಇರುತ್ತದೆ. ಫಿಲಮಿನ ಅಂಚಿನ ತೂತಿಗೆ ಸಿಕ್ಕಿಸಿಕೊಂಡು ಒಂದೊಂದೇ ಚಿತ್ರವನ್ನು ಲ್ಯಾಂಪಿನ ಮುಂದಕ್ಕೆ ಎಳೆಯುವುದು ಅದೇ. ರಿಪೇರಿಯಾದ ಮೊದಲ ಸಲ ಅದು ಏನು ಮಾಡೀತೆಂದು ಹೇಳಲು ಬರುವುದಿಲ್ಲ. ಅದಕ್ಕೇ ಅಂಗಡಿಯಲ್ಲಿ ಯಾರೂ ವಾಪಸು ಕೇಳದ ಒಂದು ಮದುವೆಯ ರೀಲು ಇತ್ತು. ಎಲ್ಲ ಮಿಷನ್ನಿಗೂ ಮೊದಲು ಅದನ್ನೇ ಹಾಕುತ್ತಿದ್ದೆವು. ಆ ಮದುವಣಗಿತ್ತಿ ಎಷ್ಟನೇ ಸೆಕೆಂಡಿಗೆ ಸೆರಗು ಸರಿಮಾಡಿಕೊಳ್ಳುತ್ತಾಳೆ ಎಂಬುದು ಈಗಲೂ ನನಗೆ ನೆನಪಿದೆ. ಮಿಷನ್ನು ಮಾಡಿದವನು ಒಳಗೆ ಇಟ್ಟಿರುವ ಯಾವ ಸಾಮಾನನ್ನೂ, ಅದು ಯಾಕಿದೆಯೆಂದು ತಿಳಿಯದೆ ತೆಗೆಯಬಾರದು ಎಂಬುದು ಇನ್ನೊಂದು. "ಅವ್ನೇನ್ ದಡ್ಡನ್ಲಾ, ಸುಮ್ಕೆ ಮಡಗಿರಾಕೆ?" ಎನ್ನುತ್ತಿದ್ದರು.

ಅಲ್ಲಿದ್ದಾಗಲೇ ನನ್ನ ಮೊದಲ ದೊಡ್ಡ ಎಡವಟ್ಟು ನಡೆಯಿತು. ತಲಕಾಡಿನ ಮರಳಿನಲ್ಲಿ ಮಕ್ಕಳನ್ನು ಕುಣಿಸುತ್ತಾ ಸಿನಿಮಾ ತೆಗೆದ ಡಾಕ್ಟರೊಬ್ಬರು ಕ್ಯಾಮೆರಾ ತಂದಿದ್ದರು. ಅಲ್ಲಿನ ಮರಳು ಹಿಟ್ಟಿನಷ್ಟು ನಯ, ಎಲ್ಲಿಗೆ ಬೇಕಾದರೂ ನುಗ್ಗುತ್ತದೆ. ಅಲ್ಲಾಡಿಸಿದರೆ ಕರಕರ ಎನ್ನುತ್ತಿತ್ತು. ಒಳಗೆ ಫಿಲಮು ಇದೆಯೇ ಎಂದು ಕೇಳದೆ ಬಾಗಿಲು ಬಿಸಿಲಿಗೆ ತೆರೆದೆ. ಇತ್ತು. ಮಕ್ಕಳ ಕುಣಿತವೆಲ್ಲ ಒಂದು ಕ್ಷಣದಲ್ಲಿ ಬೆಳಕು ಕುಡಿದು ಹಾಳಾಯಿತು. ಸಿದ್ಧಲಿಂಗಪ್ಪನವರು ನನ್ನನ್ನು ಆ ಗಳಿಗೆಯಲ್ಲೇ ಡಾಕ್ಟರ ಮನೆಗೆ ಕಳಿಸಿದರು. ಬೈಸಿಕೊಂಡೆ. ಅವರ ಹೆಂಡತಿ ಬೇರೆ ಬಂದು ಬೈದರು. ಅರ್ಧ ಗಂಟೆಯಾದ ಮೇಲೆ ಡಾಕ್ಟರು, "ಹೋಗ್ಲಿ ಬಿಡಯ್ಯ, ಮಕ್ಳಿದ್ದಾರೆ, ಮರಳೂ ಇದೆ, ಇನ್ನೊಂದ್ಸಲ ತೆಗೆದ್ರಾಯ್ತು" ಎಂದರು. ಆಮೇಲೂ ಅವರು ಬೇರೆ ಅಂಗಡಿಗೆ ಹೋಗಲಿಲ್ಲ. ನಿಜ ಹೇಳಿದರೆ ಏನಾಗುತ್ತದೆ ಎಂದು ನನಗೆ ಆಗಲೇ ತಿಳಿದಿತ್ತು. ಮುಂದಿನದನ್ನು ಓದುವಾಗ ಇದನ್ನು ಮರೆಯಬೇಡಿ.

ಮದುವೆಯಾದ ಮೇಲೆ ನಂಜನಗೂಡಿನಲ್ಲಿ ನನ್ನದೇ ಅಂಗಡಿ ಹಾಕಿದೆ. ಸ್ವಲ್ಪ ವರ್ಷಕ್ಕೆ ವಿಡಿಯೋ ಬಂತು. ಪ್ರೊಜೆಕ್ಟರುಗಳೆಲ್ಲ ಅಟ್ಟ ಹತ್ತಿದವು. ಹೊಸ ಫಿಲಮು ಸಿಗುವುದು ನಿಂತಿತು, ಸಿಕ್ಕರೂ ತೊಳೆಸಲು ಜಾಗ ಇರಲಿಲ್ಲ. ಸಾಮಾನು ಸಿಗದೆ ನಾವೇ ಏನೇನೋ ಮಾಡತೊಡಗಿದೆವು. ಬೆಲ್ಟು ಹರಿದರೆ ಟೇಪ್‌ರೆಕಾರ್ಡರಿನದು, ರಬ್ಬರು ಉರುಳೆ ಸವೆದರೆ ಸೈಕಲ್ ಟ್ಯೂಬಿನ ತುಂಡು. ಮಿಷನ್ನಿನ ಸ್ವಂತ ಲ್ಯಾಂಪು ಸುಟ್ಟರೆ ಬೇರೆ ಸಿಗುವಂತಿರಲಿಲ್ಲ, ಅದಕ್ಕೆ ಕಾರಿನ ಹೆಡ್‌ಲೈಟಿನ ಹ್ಯಾಲೋಜೆನ್ ಬಲ್ಬು ಕೂರಿಸುತ್ತಿದ್ದೆ. ಚಿತ್ರ ಮೊದಲಿಗಿಂತ ಫಳಫಳ ಹೊಳೆಯುತ್ತಿತ್ತು. ಜನ ಹೊಗಳಿದರು. ಸಿದ್ಧಲಿಂಗಪ್ಪನವರ ಕೈಕೆಳಗೆ ಹೊಗಳಿಕೆಯನ್ನೇ ಕೇಳದೆ ಬೆಳೆದ ನನಗೆ ಅದು ಚೆನ್ನಾಗಿ ತಲೆಗೇರಿತು.

ಆ ದಿನಗಳಲ್ಲಿ ಅಟ್ಟದ ಪ್ರೊಜೆಕ್ಟರುಗಳು ವರ್ಷಕ್ಕೊಮ್ಮೆ ಇಳಿಯುತ್ತಿದ್ದವು. ಪಿತೃಪಕ್ಷದಲ್ಲಿ. ನಮ್ಮ ಕಡೆ ಗೌಡರ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವುದೆಂದರೆ ದೊಡ್ಡ ಕೆಲಸ. ಹೊಸ ಪಂಚೆ, ಹೊಸ ಸೀರೆ, ಬಾಳೆ ಎಲೆಯ ಮೇಲೆ ಹಿರಿಯರು ಇಷ್ಟಪಡುತ್ತಿದ್ದ ಬಾಡೂಟ, ಬೀಡಿ ಸೇದುತ್ತಿದ್ದವರಿಗೆ ಬೀಡಿ ಕಟ್ಟು. ಫೋಟೋಕ್ಕೆ ಹಾರ ಹಾಕಿ ಪೂಜೆ. ಸತ್ತ ಹಿರಿಯರು ಓಡಾಡುವ ರೀಲು ಮನೆಯಲ್ಲಿದ್ದರೆ ಫೋಟೋ ಯಾರಿಗೆ ಬೇಕು? ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಸುಣ್ಣದ ಗೋಡೆಯ ಮೇಲೆ ಸಿನಿಮಾ ಬಿಡುತ್ತಿದ್ದರು. ಮಿಷನ್ ನಡೆಸಲು ನನ್ನನ್ನೇ ಕರೆಯುತ್ತಿದ್ದರು. ಹಿರಿಯರ ಮುಖ ಗೋಡೆಯ ಮೇಲೆ ಬಂದ ಕೂಡಲೇ ಎಲ್ಲರೂ ಒಟ್ಟಿಗೆ "ನಿಲ್ಸಿ, ನಿಲ್ಸಿ" ಎನ್ನುತ್ತಿದ್ದರು. ನಿಂತ ಮುಖಕ್ಕೆ ಮಂಗಳಾರತಿ ಎತ್ತುತ್ತಿದ್ದರು.

ಪ್ರೊಜೆಕ್ಟರಿನಲ್ಲಿ ಚಿತ್ರ ನಿಲ್ಲಿಸಲು ಒಂದು ಸನ್ನೆಕೋಲು ಇರುತ್ತದೆ. ಅದನ್ನು ಎಳೆದಾಗ ಲ್ಯಾಂಪಿಗೂ ಫಿಲಮಿಗೂ ನಡುವೆ ಒಂದು ಸಣ್ಣ ಲೋಹದ ಜಾಲರಿ ಇಳಿಯುತ್ತದೆ. ಓಡುವ ಫಿಲಮಿಗೆ ಶಾಖ ತಾಗುವಷ್ಟು ಹೊತ್ತು ಸಿಗುವುದಿಲ್ಲ, ನಿಂತ ಫಿಲಮಿಗೆ ಸಿಗುತ್ತದೆ, ಅದಕ್ಕೇ ಆ ಜಾಲರಿ. ಅದು ಇಳಿದಾಗ ಚಿತ್ರ ಮಂಕಾಗುತ್ತದೆ. ಸರಿಯಾಗಿ ಆರತಿಯ ಹೊತ್ತಿಗೆ ಅಜ್ಜನ ಮುಖ ಕಪ್ಪಗಾದರೆ ಮನೆಯವರಿಗೆ ಕಸಿವಿಸಿ. "ಅಜ್ಜ ಯಾಕೋ ಮುನಿಸ್ಕಂಡಂಗೆ ಕಾಣ್ತನೆ ಸಾ" ಎಂದು ಒಬ್ಬರು ಹೇಳಿದರು. ಇನ್ನೊಬ್ಬರ ಮನೆಯಲ್ಲೂ ಅದೇ ಮಾತು. ನಾನು ಜಾಲರಿ ಕಿತ್ತೆ. ಮೊದಲು ಒಂದು ಮಿಷನ್ನಿನದು, ಆಮೇಲೆ ಎಡೆಗೆ ಬಳಸುವ ಎಲ್ಲ ಮಿಷನ್ನುಗಳದು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಚಿತ್ರವನ್ನು ಮುಂದಕ್ಕೆ ಬಿಟ್ಟುಬಿಡುತ್ತಿದ್ದೆ. ಐದು ಎಣಿಸುವಷ್ಟರಲ್ಲಿ ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ಕೆಲವು ವರ್ಷ ಏನೂ ಆಗಲಿಲ್ಲ.

ತಗಡೂರಿನ ಕಡೆಯ ಒಂದು ಹಳ್ಳಿಯಲ್ಲಿ ಪುಟ್ಟೇಗೌಡರ ಮನೆ. ಅವರ ಚಿಕ್ಕಪ್ಪ ಒಬ್ಬರು ತರಬೇತಿಗೆಂದು ಜರ್ಮನಿಗೆ ಹೋದವರು ಕ್ಯಾಮೆರಾ, ಪ್ರೊಜೆಕ್ಟರು ಎರಡನ್ನೂ ತಂದಿದ್ದರು. ಅವರು ತೆಗೆದ ಒಂದು ರೀಲು ಉಳಿದಿತ್ತು. ಅದರಲ್ಲಿ ಪುಟ್ಟೇಗೌಡರ ಅಪ್ಪ ಎತ್ತಿನ ಮೈ ತೊಳೆಯುತ್ತಾರೆ. ಬಗ್ಗಿಕೊಂಡು, ಬೆನ್ನು ಈ ಕಡೆ ಮಾಡಿಕೊಂಡು, ಹುಲ್ಲಿನ ಹಿಡಿಯಿಂದ ಉಜ್ಜುತ್ತಲೇ ಇರುತ್ತಾರೆ. ಯಾರೋ ಕರೆದಿರಬೇಕು, ಒಂದೇ ಒಂದು ಸಲ ತಲೆ ಎತ್ತಿ ಕ್ಯಾಮೆರಾವನ್ನು ನೋಡಿ ನಗುತ್ತಾರೆ. ಮತ್ತೆ ಬಗ್ಗುತ್ತಾರೆ. ಆ ನಗು ಒಂದು ಸೆಕೆಂಡು ಇದ್ದರೆ ಹೆಚ್ಚು.

ಪುಟ್ಟೇಗೌಡರ ಅಪ್ಪ ಸಾಯುವ ಮೊದಲು ಒಂದು ಕೆಲಸ ಮಾಡಿದ್ದರು. ಪ್ರೊಜೆಕ್ಟರನ್ನು ಮಗ ಪುಟ್ಟೇಗೌಡರಿಗೆ ಕೊಟ್ಟು, ರೀಲನ್ನು ಮಗಳು ಗೌರಮ್ಮನ ಕೈಗೆ ಕೊಟ್ಟರು. ಗೌರಮ್ಮನನ್ನು ಕೊಟ್ಟಿದ್ದದ್ದು ಟಿ. ನರಸೀಪುರದಿಂದ ಮುಡುಕುತೊರೆಗೆ ಹೋಗುವ ದಾರಿಯ ಒಂದು ಊರಿಗೆ. ಮಿಷನ್ನು ಒಂದು ಕಡೆ, ರೀಲು ಒಂದು ಕಡೆ. ಅಪ್ಪನನ್ನು ನೋಡಬೇಕಾದರೆ ಅಣ್ಣ ತಂಗಿಯನ್ನು ಕರೆಯಲೇಬೇಕು, ತಂಗಿ ಅಣ್ಣನ ಮನೆಗೆ ಬರಲೇಬೇಕು. "ಇಬ್ರೂ ಕಚ್ಚಾಡ್ಕಂಡ್ ದೂರಾಗ್ಬಾರ್ದು ಅಂತ ಅಪ್ಪ ಇಂಗ್ ಮಾಡ್ದ ಕಣ್ರೀ" ಎಂದು ಪುಟ್ಟೇಗೌಡರೇ ನನಗೆ ಹೇಳಿದ್ದರು. ಪ್ರತಿ ಪಿತೃಪಕ್ಷಕ್ಕೆ ಗೌರಮ್ಮ ರೀಲಿನ ತಗಡಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಬರುತ್ತಿದ್ದರು.

ಈಗ್ಗೆ ಸುಮಾರು ಇಪ್ಪತ್ತು ವರ್ಷವಾಗಿರಬೇಕು. ಮಳೆ ಹಿಡಿದಿತ್ತು. ಎಡೆ ಇಟ್ಟಾಗಿತ್ತು, ಕಂಬಳಿ ಕಟ್ಟಿಯಾಗಿತ್ತು, ಮನೆಯವರೆಲ್ಲ ಗೋಡೆಯ ಮುಂದೆ ಕೂತಿದ್ದರು. ರೀಲು ಬಿಟ್ಟೆ. ಗೋಡೆಯ ಮೇಲೆ ಪುಟ್ಟೇಗೌಡರ ಅಪ್ಪ ತಲೆ ಎತ್ತಿ ನಕ್ಕರು. "ನಿಲ್ಸಿ" ಎಂದರು ಎಲ್ಲರೂ. ನಿಲ್ಲಿಸಿದೆ. ಪುಟ್ಟೇಗೌಡರು ಆರತಿ ತಟ್ಟೆ ಹಿಡಿದು ಕಡ್ಡಿ ಗೀರಿದರು. ಥಂಡಿಗೆ ಕಡ್ಡಿಪೆಟ್ಟಿಗೆ ಮೆತ್ತಗಾಗಿತ್ತು, ಹತ್ತಲಿಲ್ಲ. ಇನ್ನೊಂದು ಗೀರಿದರು. ನಾನು ಐದು ಎಣಿಸಿಯಾಗಿತ್ತು, ಕೈ ಸನ್ನೆಕೋಲಿನ ಮೇಲೇ ಇತ್ತು.

"ತಡೀರಿ ಸಾ, ಒಸಿ ತಡೀರಿ. ಕಡ್ಡಿ ಅಂಟ್ಕತಿಲ್ಲ" ಎಂದರು ಪುಟ್ಟೇಗೌಡರು.

"ಬಿಡ್‌ಬ್ಯಾಡಿ ಸಾ, ಆರ್ತಿ ಇಲ್ದೆ ಅಪ್ಪನ್ನ ಕಳುಸ್‌ಬ್ಯಾಡಿ" ಎಂದರು ಗೌರಮ್ಮ.

ಬಿಡಬೇಕಿತ್ತು. ಆರತಿ ಆಮೇಲೆ ಎತ್ತಿ, ಫಿಲಮು ಸುಡುತ್ತದೆ ಎಂದು ಒಂದು ಮಾತು ಹೇಳಬೇಕಿತ್ತು. ಅಷ್ಟು ಜನ ಕೈಮುಗಿದು ಕೂತಿರುವಾಗ ಮಿಷನ್ನಿನ ಕುಂದು ಹೇಳಲು ನನಗೆ ನಾಚಿಕೆಯಾಯಿತು. ಹತ್ತು, ಹದಿನೈದು ಎಣಿಸುತ್ತಾ ಕೂತೆ. ಕೊನೆಗೆ ಕರ್ಪೂರ ಹತ್ತಿತು. ಪುಟ್ಟೇಗೌಡರು ತಟ್ಟೆ ಎತ್ತಿದ ಗಳಿಗೆಯಲ್ಲೇ ಅವರಪ್ಪನ ಕೆನ್ನೆಯ ಮೇಲೆ ಕಂದು ಬಣ್ಣದ ಒಂದು ಚುಕ್ಕೆ ಕಂಡಿತು. ಅದು ನೊರೆಯಂತೆ ಉಬ್ಬಿ, ಕಾದ ಹೆಂಚಿನ ದೋಸೆಯಲ್ಲಿ ತೂತು ಬೀಳುವ ಹಾಗೆ ತೂತು ಬಿತ್ತು. ಮುಖವಿದ್ದ ಜಾಗದಲ್ಲಿ ಬರೀ ಬೆಳಕು. ಹೆಂಗಸರು ಚೀರಿದರು. ಗಾಬರಿಯಲ್ಲಿ ನಾನು ಫಿಲಮನ್ನು ಕೈಯಿಂದ ಎಳೆದೆ. ಅಂಟಿಕೊಂಡಿದ್ದ ಫಿಲಮು ಕೊಕ್ಕೆಗೆ ಸಿಕ್ಕಿ ಗೇಣುದ್ದ ಹರಿಯಿತು. ಆ ನಗುವಿನ ಒಂದು ಚಿತ್ರವೂ ಉಳಿಯಲಿಲ್ಲ.

ಲೈಟು ಹಾಕಿದರು. ಪುಟ್ಟೇಗೌಡರ ಕೈಯಲ್ಲಿ ಕರ್ಪೂರ ಇನ್ನೂ ಉರಿಯುತ್ತಿತ್ತು. "ಏನಾಯ್ತು ಸಾ?" ಎಂದರು.

ಹುಡುಗರೇ, ಈ ಕಸುಬಿನಲ್ಲಿ ಕೈ ತಪ್ಪುತ್ತದೆ. ತಪ್ಪದವರು ಯಾರೂ ಇಲ್ಲ. ನನ್ನ ಕೈಗಿಂತ ಮೊದಲು ನನ್ನ ಬಾಯಿ ತಪ್ಪಿತು.

"ಫಿಲಂ ಒಳಗೇ ಕೆಟ್ಟಿತ್ತು ಅನ್ಸುತ್ತೆ ಗೌಡ್ರೆ. ಎಲ್ಲಿಟ್ಟಿದ್ರಿ ಇದನ್ನ?" ಎಂದೆ.

ಗೌರಮ್ಮ ತೊದಲಿದರು. "ಅಡ್ಗೆಮನೆ ಅಟ್ಟದ್ ಮ್ಯಾಲೆ. ಇಲಿ ಮುಟ್ಟಬಾರ್ದು ಅಂತ ಪೆಟ್ಟಿಗೇಲಿ ಮಡಗಿದ್ದೆ."

"ಅದೇ ಮತ್ತೆ. ಒಲೆ ಶಾಖ ತಾಕಿದೆ. ಶಾಖಕ್ಕೆ ಫಿಲಂ ಹದಗೆಟ್ಟು ಹೋಗುತ್ತೆ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ತಿಳಿದವನ ದನಿಯಲ್ಲಿ ಹೇಳಿದೆ.

ಪುಟ್ಟೇಗೌಡರು ತಂಗಿಯ ಕಡೆ ತಿರುಗಿದರು. ಜೋರು ಮಾಡಲಿಲ್ಲ. "ಅಪ್ಪನ್ ಮಖನೇ ಸುಟ್‌ಬುಟ್ಯಲ್ಲ ಗೌರಿ" ಎಂದರು.

"ನಂಗೇನ್ ಗೊತ್ತು ಅಣ್ಣಯ್ಯ, ನಾನ್ ಜ್ವಾಪಾನ್ವಾಗೇ ಮಡಗಿದ್ದೆ" ಎಂದು ಗೌರಮ್ಮ ಅಳತೊಡಗಿದರು. ಯಾರೂ ಅವರನ್ನು ಸಮಾಧಾನ ಮಾಡಲಿಲ್ಲ. ಎಡೆಯ ಮುಂದೆ ಹಿರಿಯರ ಮುಖ ಸುಟ್ಟದ್ದು ಆ ಮನೆಗೆ ಸಣ್ಣ ಸಂಗತಿಯಾಗಿರಲಿಲ್ಲ. ಯಾವ ಕೇಡಿಗೋ ಏನೋ ಎಂದು ಒಬ್ಬ ಮುದುಕಿ ಗೊಣಗುತ್ತಿದ್ದಳು. ನಾನು ಹರಿದ ತುದಿಗಳನ್ನು ಕತ್ತರಿಸಿ ಅಂಟಿಸಿಕೊಟ್ಟು, ಊಟಕ್ಕೂ ನಿಲ್ಲದೆ ಹೊರಟೆ. ಅಂಟಿಸಿದ್ದು ಮಾತ್ರ ಚೊಕ್ಕಟವಾಗಿತ್ತು. ಈಗ ಆ ರೀಲಿನಲ್ಲಿ ಅವರಪ್ಪ ತಲೆ ಎತ್ತುವುದೇ ಇಲ್ಲ.

ಮಾರನೇ ವಾರ ಟಿ. ನರಸೀಪುರಕ್ಕೆ ಹೋಗಿ ಸಿದ್ಧಲಿಂಗಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಅವರಿಗೆ ಆಗಲೇ ವಯಸ್ಸಾಗಿತ್ತು, ಅಂಗಡಿಗೆ ಬರುವುದನ್ನು ಕಡಿಮೆ ಮಾಡಿದ್ದರು. ಪೂರ್ತಿ ಕೇಳಿ, "ಜಾಲ್ರಿ ಕಿತ್ತಿದ್ಯಾ?" ಎಂದಷ್ಟೇ ಕೇಳಿದರು. ಹೌದು ಎಂದೆ. "ಓಗಿ ಏಳ್‌ಬುಟ್ಟು ಬಾ. ಆಮ್ಯಾಕೆ ನನ್ ಮನೆಗ್ ಬಾ" ಎಂದರು.

ನಾನು ಹೋಗಲಿಲ್ಲ. ಜಾಲರಿ ಕಿತ್ತದ್ದು ಗೊತ್ತಾದರೆ ಉಳಿದ ಮನೆಗಳವರೂ ಮಿಷನ್ನು ಹೊತ್ತು ತಂದು ನನ್ನ ಮುಖಕ್ಕೆ ಹಿಡಿಯುತ್ತಾರೆ ಎಂಬ ಹೆದರಿಕೆ. ಅದರ ಬದಲು ಒಂದು ಕಳ್ಳ ಕೆಲಸ ಮಾಡಿದೆ. ಸರ್ವಿಸು ಮಾಡಿಕೊಡುತ್ತೇನೆಂದು ಎಲ್ಲ ಮನೆಗಳ ಮಿಷನ್ನುಗಳನ್ನೂ ತರಿಸಿ, ಕಿತ್ತ ಜಾಲರಿಗಳನ್ನು ಮತ್ತೆ ಕೂರಿಸಿದೆ. ಡಬ್ಬಿಯಲ್ಲಿ ಹಾಕಿಟ್ಟಿದ್ದರಿಂದ ಒಂದೂ ಕಳೆದಿರಲಿಲ್ಲ. ಆರತಿಯ ಹೊತ್ತಿಗೆ ಹಿರಿಯರ ಮುಖಗಳು ಮತ್ತೆ ಮಂಕಾದವು. ಕೇಳಿದವರಿಗೆ ಲ್ಯಾಂಪು ಹಳೆಯದಾಗಿದೆ ಎಂದು ಹೇಳಿದೆ. ಸಿದ್ಧಲಿಂಗಪ್ಪನವರ ಮನೆಗೆ ಮತ್ತೆ ಹೋಗುವ ಮುಖ ನನಗಿರಲಿಲ್ಲ. ಅವರು ತೀರಿಕೊಂಡಾಗ ಹೋದೆ, ಜನರ ಹಿಂದೆ ನಿಂತು ಬಂದೆ.

ಕೆಲವು ವರ್ಷದ ಮೇಲೆ ಇನ್ನೊಂದು ಅವಕಾಶ ತಾನಾಗಿ ನನ್ನ ಅಂಗಡಿಗೇ ನಡೆದು ಬಂದಿತ್ತು. ಹಳೇ ಫಿಲಮನ್ನು ಸಿಡಿಗೆ ಹಾಕಿಸುವ ಕಾಲ. ನಾನೂ ಗೋಡೆಯ ಮೇಲೆ ಚಿತ್ರ ಬಿಟ್ಟು, ಪಕ್ಕದಲ್ಲಿ ವಿಡಿಯೋ ಕ್ಯಾಮೆರಾ ಇಟ್ಟು ನಕಲು ಮಾಡಿಕೊಡುತ್ತಿದ್ದೆ. ಒಂದು ದಿನ ಗೌರಮ್ಮ ತಗಡಿನ ಡಬ್ಬಿ ಹಿಡಿದು ಬಂದರು. ತಲೆ ನರೆತಿತ್ತು.

"ಇದ್ನ ಸೀಡಿ ಮಾಡ್ಕೊಡಿ ಸಾ. ಅಪ್ಪನ್ ಬೆನ್ನಾದ್ರೂ ನೋಡ್ಕತೀನಿ" ಎಂದರು.

"ಎಡೆಗೆ ಹೋದಾಗ ನೋಡಲ್ವಾ ಅಮ್ಮ?" ಎಂದು ಕೇಳಿದೆ. ಕೇಳಬಾರದಿತ್ತು.

"ಎಲ್ಲಿ ಎಡೆ ಸಾ. ಅಣ್ಣಯ್ಯ ಅವತ್ನಿಂದ ಕರ್ದಿಲ್ಲ. ಮಿಷಿನ್ನ ಯಾರ್ಗೋ ಕೊಟ್‌ಬುಟ್ನಂತೆ. ಕರೀದಲೆ ತೌರ್ಮನೆ ಎಡೆಗೆ ಎಂಗ್ ಓಗದು?" ಎಂದು ಸೆರಗಿನಿಂದ ಡಬ್ಬಿಯ ಮುಚ್ಚಳ ಒರೆಸಿದರು. "ತಪ್ಪು ನಂದೇ ಬುಡಿ. ಅಟ್ಟದ್ ಮ್ಯಾಲ್ ಮಡಗ್ಬಾರ್ದಾಗಿತ್ತು."

ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಪುಟ್ಟೇಗೌಡರು ಬದುಕಿದ್ದರು, ಗಟ್ಟಿಮುಟ್ಟಾಗಿದ್ದರು, ವಾರಕ್ಕೊಮ್ಮೆ ನಂಜನಗೂಡಿಗೆ ಬರುತ್ತಿದ್ದರು. ಒಂದು ಮಾತು ಸಾಕಿತ್ತು. ನಾನು ಸಿಡಿ ಮಾಡಿಕೊಟ್ಟೆ. ಎಂದೂ ಮಾಡದಷ್ಟು ಚೆನ್ನಾಗಿ ಮಾಡಿಕೊಟ್ಟೆ, ಪ್ರತಿ ಕಲೆಯನ್ನೂ ಒರೆಸಿ, ಬಣ್ಣ ತಿದ್ದಿ. ಅವರು ಕೈಮುಗಿದು ಹೋದರು.

ಈ ಬರಹ ಶುರುಮಾಡಿದಾಗ ಈ ಭಾಗವನ್ನು ಎರಡು ಸಲ ಬರೆದು ಹರಿದೆ. ಮೂರನೇ ಸಲ ಬರೆದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಓದುವವರಿಗೆಲ್ಲ ಹೇಳುತ್ತೇನೆ, ಹೇಳಬೇಕಾದವರಿಗೆ ಮಾತ್ರ ಹೇಳಿಲ್ಲ, ಇದೆಂಥ ಬರಹ ಎನ್ನಿಸಿತು. ಹೋದ ತಿಂಗಳು, ಶ್ರಾವಣದಲ್ಲಿ, ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಗೌರಮ್ಮನ ಊರಿನಲ್ಲಿ ಇಳಿದೆ. ಅವರು ಜಗಲಿಯ ಮೇಲೆ ಮೊರ ಹಿಡಿದು ಅಕ್ಕಿ ಕೇರುತ್ತಿದ್ದರು. ಗುರುತು ಹಿಡಿದರು.

"ಮಾದೇವಪ್ಪೋರಾ? ಬನ್ನಿ ಬನ್ನಿ, ಕೂತ್ಕಳಿ. ಇಷ್ಟ್ ದೂರ ಬಂದ್ರಲ್ಲ."

ಕೂತೆ. ನೀರು ಕೊಟ್ಟರು, ಕುಡಿದೆ. ಆಮೇಲೆ ಹೇಳಿದೆ. ಜಾಲರಿ ಏನೆಂದು, ಅದನ್ನು ಯಾಕೆ ಕಿತ್ತೆನೆಂದು, ಆ ಮಿಷನ್ನಿಗೆ ಹೆಚ್ಚು ಕಾಯುವ ಕಾರಿನ ಬಲ್ಬು ಹಾಕಿದ್ದನ್ನು, ಅವತ್ತು ನಾನು ಅವರನ್ನು ಎಲ್ಲಿಟ್ಟಿದ್ದಿರಿ ಎಂದು ಯಾಕೆ ಕೇಳಿದೆನೆಂದು. ಅವರು ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿದರು.

"ಅಂಗಾರೆ ಅಟ್ಟದ್ ಮ್ಯಾಲ್ ಮಡಗಿದ್ದು ತಪ್ಪಲ್ವಾ?"

"ಅಲ್ಲಮ್ಮ."

"ಒಲೆ ಶಾಖ?"

"ಇಲ್ಲಮ್ಮ. ನಾನೇ ಸುಟ್ಟಿದ್ದು."

"ಆ ಅಟ್ಟನೇ ಕಿತ್ತಾಕ್ಸಿದೆ ಕಣ್ರೀ ನಾನು" ಎಂದರು. "ನೋಡ್ದಾಗೆಲ್ಲ ಸಂಕ್ಟ ಆಯ್ತದೆ ಅಂತ."

ನಾನು ತಲೆ ತಗ್ಗಿಸಿದೆ. ಪುಟ್ಟೇಗೌಡರ ಮುಂದೆಯೂ ಇದನ್ನೇ ಹೇಳುತ್ತೇನೆ, ಇವತ್ತೇ ಇಲ್ಲಿಂದ ನೇರ ಅಲ್ಲಿಗೆ ಹೋಗುತ್ತೇನೆ ಎಂದೆ. ಗೌರಮ್ಮ ತಲೆ ಎತ್ತಿದರು.

"ನಿಮ್ಗೆ ಗೊತ್ತಿಲ್ವಾ? ಅಣ್ಣಯ್ಯ ಓದ್ ವರ್ಸ ತೀರ್ಕಂಡ. ಕಾರ್ತೀಕದಲ್ಲಿ. ಮಣ್ಣಿಗ್ ಓಗಿದ್ದೆ. ಎಲ್ರಂಗೆ ಓಗಿ, ಎಲ್ರಂಗೆ ಬಂದೆ. ಅತ್ತಿಗೆನೂ ಮಾತಾಡುಸ್ಲಿಲ್ಲ." ಮೊರವನ್ನು ಪಕ್ಕಕ್ಕಿಟ್ಟರು. "ಅವ್ನು ಬದ್ಕಿದ್ದಾಗ್ ಬಂದು ಏಳ್ಬಾರ್ದಾಗಿತ್ತಾ ಸಾ?"

ನನಗೆ ಗೊತ್ತಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಯಾರು ಇದ್ದಾರೆ, ಯಾರು ಹೋದರು ಎಂಬ ಸುದ್ದಿಯೇ ನನಗೆ ತಲುಪುತ್ತಿರಲಿಲ್ಲ. ತಪ್ಪಾಯಿತು ಎಂದೆ. ಆ ಮಾತು ಎಷ್ಟು ಸಣ್ಣದೆಂದು ಹೇಳುವಾಗಲೇ ತಿಳಿಯಿತು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಒಳಗೆ ಹೋಗಿ ಮೊಬೈಲು ತಂದರು. ನಂಬರು ಹುಡುಕಲು ಬಹಳ ಹೊತ್ತು ಹಿಡಿಯಿತು. ಒತ್ತಿ, ದನಿ ಹೊರಗೆ ಕೇಳುವಂತೆ ಮಾಡಿ ಜಗಲಿಯ ಮೇಲಿಟ್ಟರು.

"ಅತ್ತಿಗೆ, ನಾನು ಗೌರಿ. ಪೋನ್ ಮಡಗ್‌ಬ್ಯಾಡಿ. ಮಿಷಿನ್ ಮಾದೇವಪ್ಪೋರು ಬಂದವ್ರೆ. ಏನೋ ಏಳ್ತಾರಂತೆ, ಕೇಳುಸ್ಕಳಿ." ನನ್ನ ಕಡೆ ತಿರುಗಿದರು. "ನನ್ ಮುಂದೆ ಎಂಗ್ ಏಳುದ್ರೋ ಅಂಗೇ ಏಳಿ. ಒಂದೂ ಬುಡ್‌ಬ್ಯಾಡಿ."

ಮೊದಲ ಸಲಕ್ಕಿಂತ ಎರಡನೇ ಸಲ ಹೇಳುವುದು ಕಷ್ಟವಾಯಿತು. ಜಾಲರಿಯಿಂದ ಶುರುಮಾಡಿ ಒಲೆಯ ಶಾಖದವರೆಗೆ ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಪುಟ್ಟೇಗೌಡರ ಹೆಂಡತಿಯ ದನಿ ಬಂತು.

"ಗೌರವ್ವನ್ ಕೈಗ್ ಕೊಡಿ."

ಗೌರಮ್ಮ ಫೋನನ್ನು ಕಿವಿಗೆ ಹಿಡಿದು ಒಳಗೆ ಹೋದರು. ನಾನು ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತೆ. ಒಳಗಿನಿಂದ ಮಾತು ಕೇಳಿಸುತ್ತಿತ್ತು, ಅಳು ಕೇಳಿಸುತ್ತಿತ್ತು, ಯಾವುದೂ ಸ್ಪಷ್ಟವಿರಲಿಲ್ಲ. ಬಹಳ ಹೊತ್ತಾದ ಮೇಲೆ ಕಣ್ಣೊರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು.

"ಈ ಸಲ ಎಡೆಗ್ ಬಾ ಅಂದ್ರು ಅತ್ತಿಗೆ."

"ಒಳ್ಳೇದಾಯ್ತಲ್ಲಮ್ಮ" ಎಂದುಬಿಟ್ಟೆ.

ಗೌರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನೇ ನೋಡಿದರು.

"ಏನ್ ಒಳ್ಳೇದ್ ಸಾ? ಈ ಸಲ ಅಲ್ಲಿ ಅಣ್ಣಯ್ಯನ್ಗೇ ಎಡೆ ಇಕ್ಕದು."